ಹೋಗುವಾಗ ನೀನು, ಬರುವಾಗ ನಾನು

ಕ್ರಮ ಹೀಗಿತ್ತು. ಜೂನ್ ತಿಂಗಳ ಮೊದಲ ದಿನ ಬೋಟುಗಳೆಲ್ಲ ಬಂದರಿನ ದಕ್ಕೆಗೆ ಬಂದು ಸಾಲಾಗಿ ಕಟ್ಟಿಕೊಳ್ಳುತ್ತವೆ. ಮಳೆಗಾಲದ ಎರಡು ತಿಂಗಳು ಕಡಲಿಗೆ ರಜೆ. ಅದೇ ವಾರ ಶರ್ಮಿಳಾ ಲರ್ನರ್ಸ್ ಲೈಸೆನ್ಸು ಮಾಡಿಸಬೇಕು. ಮರುವಾರದಿಂದ ಡ್ರೈವಿಂಗ್ ಸ್ಕೂಲು. ಲರ್ನರ್ಸ್ ಕೈಗೆ ಬಂದು ತಿಂಗಳು ದಾಟಿದ ಮೇಲೆ, ಅಂದರೆ ಜುಲೈ ಕೊನೆಯ ವಾರದಲ್ಲಿ, ಟೆಸ್ಟು. ಆಗಸ್ಟ್ ಒಂದಕ್ಕೆ ರಜೆ ಮುಗಿದಾಗ ಗಂಡ ಲತೀಶ್ ಬೋಟು ಹತ್ತಬೇಕು, ಹೆಂಡತಿ ಶರ್ಮಿಳಾ ಓಮ್ನಿ ಹತ್ತಬೇಕು. ಬೋಳಾರದ ಮನೆಯಲ್ಲಿ ಊಟಕ್ಕೆ ಕುಳಿತಾಗ ಲತೀಶ್ ಈ ಕ್ರಮವನ್ನು ಒಂದೊಂದೇ ಬೆರಳು ಮಡಚಿ ಹೇಳಿದ. ಯಾರೂ ಎದುರಾಡಲಿಲ್ಲ. ಎದುರಾಡುವುದಕ್ಕೆ ಸಂದಿಯೇ ಇಲ್ಲದಷ್ಟು ಅದು ಅಚ್ಚುಕಟ್ಟಾಗಿತ್ತು.

ಅವಸರಕ್ಕೆ ಕಾರಣ ಬೆಂದೂರಿನ ಒಲಿಂಡಾ ಬಾಯಿ. ಮದುವೆ, ಸಮಾರಂಭಗಳಿಗೆ ಊಟ ಸಿದ್ಧಪಡಿಸುವ ದೊಡ್ಡ ಅಡುಗೆಮನೆ ಅವರದು. ಶರ್ಮಿಳಾ ದಕ್ಕೆಯ ಬೆಳಗಿನ ಏಲಂನಲ್ಲಿ ಬೆಲೆ ಕೂಗಿ ಮೀನು ಕೊಂಡು, ಶುಚಿಮಾಡಿ, ಕತ್ತರಿಸಿ, ರಿಕ್ಷಾದಲ್ಲಿ ಅಲ್ಲಿಗೆ ಕಳಿಸುತ್ತಿದ್ದಳು. ವಾಸನೆ ಹೋಗುವುದಿಲ್ಲ, ಬೇರೆ ಬಾಡಿಗೆ ಹತ್ತುವುದಿಲ್ಲ ಎಂದು ರಿಕ್ಷಾದವನು ಬೇಸಗೆಯಲ್ಲಿ ಕೈಯೆತ್ತಿದ. ಒಲಿಂಡಾ ಬಾಯಿ ಸುತ್ತಿ ಬಳಸಿ ಮಾತಾಡುವವರಲ್ಲ.

"ಆಗಸ್ಟಿನಿಂದ ಬೆಳಿಗ್ಗೆ ಏಳಕ್ಕೆ ಮೀನು ನನ್ನ ಒಲೆ ಹತ್ರ ಇರ್ಬೇಕು ಶರ್ಮಿಳಾ. ಫ್ರೀಜರ್ ವ್ಯಾನಿನವರು ದಿನಾ ಫೋನ್ ಮಾಡ್ತಾರೆ. ನಾನು ಎಷ್ಟು ದಿನ ಅಂತ ಎತ್ತದೆ ಇರುದು?"

ಆ ಅಡುಗೆಮನೆ ಕೈತಪ್ಪಿದರೆ ಶರ್ಮಿಳಾಳಿಗೆ ಉಳಿಯುವುದು ಅವಳ ಅತ್ತೆ ಹರಿಣಾಕ್ಷಿ ಮೊಣಕಾಲು ನೋವಿನಿಂದ ಬಿಟ್ಟುಬಂದಿದ್ದ ಮಾರ್ಕೆಟಿನ ಮೂಲೆ. ಅಲ್ಲಿ ಕುಳಿತರೆ ಗಿರಾಕಿ ಬಂದಾಗ ಬಂದ, ಇಲ್ಲದಿದ್ದರೆ ಇಲ್ಲ. ಎಂಟು ವರ್ಷ ಕಷ್ಟಪಟ್ಟು ಮೇಲೆ ಬಂದವಳಿಗೆ ಆ ಮಣೆಗೆ ಹಿಂದಿರುಗುವ ಮನಸ್ಸಿರಲಿಲ್ಲ. ಲತೀಶ್ ಹಳೆಯ ಓಮ್ನಿಯೊಂದನ್ನು ಕೊಂಡು ತಂದ. ಆದರೆ ಅವನ ಬೋಟು ಒಮ್ಮೆ ಹೊರಟರೆ ಹತ್ತು ದಿನ ದಡ ಕಾಣದು. ಗಾಡಿ ಇತ್ತು, ಓಡಿಸುವವರಿರಲಿಲ್ಲ.

ಇರ್ವಿನ್ ಅವರ ಸ್ಕೂಲಿನ ಬಿಳಿ ಕಾರು ಬೆಳಿಗ್ಗೆ ಮಂಗಳಾದೇವಿಯ ತಿರುವಿಗೆ ಬಂದು ನಿಲ್ಲುತ್ತಿತ್ತು. ಕಲಿಸುವವರ ಕಾಲಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುವ ಕಾರು ಅದು. ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುವ ಇನ್ನಿಬ್ಬರು ಇರುತ್ತಿದ್ದರು. ಮೊದಲ ವಾರ ಶರ್ಮಿಳಾಳ ಕೈಯಲ್ಲಿ ಕಾರು ಒಮ್ಮೆಯೂ ಬಂದ್ ಬೀಳಲಿಲ್ಲ.

"ನಿಮ್ಮ ಕಾಲು ಒಳ್ಳೇದುಂಟು," ಎಂದರು ಇರ್ವಿನ್. ಆ ಹೊಗಳಿಕೆಯನ್ನು ಅವಳು ಮನೆಗೆ ತಂದು ನೀರುದೋಸೆಯೊಂದಿಗೆ ಎಲ್ಲರಿಗೂ ಬಡಿಸಿದಳು.

ಮಗಳು ಹರ್ಷಿತಾ ಬಿ.ಎಸ್ಸಿ. ಕೊನೆಯ ವರ್ಷದವಳು; ಯಾವ ಹೊಗಳಿಕೆಯನ್ನೂ ಅಳೆಯದೆ ಒಳಗೆ ಬಿಟ್ಟುಕೊಳ್ಳುವವಳಲ್ಲ.

"ದಿನಕ್ಕೆ ಎಷ್ಟು ಹೊತ್ತು ಅಮ್ಮ?"

"ಅರ್ಧ ಗಂಟೆ."

"ಕಾರಿನಲ್ಲಿ ಕೂತದ್ದಾ, ಸ್ಟೀರಿಂಗ್ ಹಿಡಿದದ್ದಾ?"

ಶರ್ಮಿಳಾ ದೋಸೆ ಮಡಚುತ್ತ ಯೋಚಿಸಿದಳು. "ಹಿಡಿದದ್ದು ಹತ್ತು ನಿಮಿಷ ಇರಬಹುದು."

"ಹಾಗಾದ್ರೆ ಇಪ್ಪತ್ತೊಂದು ದಿನದ ಕೋರ್ಸಿಗೆ ಮೂರೂವರೆ ಗಂಟೆ."

"ಸಾಕು ಮಾರಾಯ್ತಿ," ಎಂದ ಲತೀಶ್. "ನಾನು ಎರಡೇ ದಿನದಲ್ಲಿ ಕಲಿತವ."

"ಹೌದು," ಎಂದಳು ಹರಿಣಾಕ್ಷಿ. "ಮೂರನೇ ದಿನ ಮೊಯ್ದೀನಬ್ಬರ ಕಂಪೌಂಡು ಬಿದ್ದದ್ದೂ ನೆನಪುಂಟು. ಅದನ್ನು ಕಟ್ಟಿಸಿಕೊಟ್ಟವಳು ನಾನು."

ಮಾವ ಚೆನ್ನಪ್ಪ ಅದುವರೆಗೆ ಚಟ್ನಿಯ ಕಡೆಗೇ ಗಮನವಿಟ್ಟಿದ್ದರು. ಪ್ರಾಯದಲ್ಲಿ ಬೋಟಿನ ಚುಕ್ಕಾಣಿ ಹಿಡಿಯುವ ತಾಂಡೇಲರಾಗಿದ್ದವರು, ಕಡಲು ಬಿಟ್ಟ ಮೇಲೆ ಮೀನಿನ ಟೆಂಪೋ ಓಡಿಸಿದವರು. ಅವರ ಲೈಸೆನ್ಸು ಇನ್ನೂ ಊರ್ಜಿತವಾಗಿತ್ತು. ಅಪ್ಪನಿಗೆ ವಯಸ್ಸಾಯಿತೆಂಬ ಕಾರಣಕ್ಕೆ ಕೀಲಿಕೈ ಮಾತ್ರ ಲತೀಶನ ಕಿಸೆಯಲ್ಲಿತ್ತು.

"ನನ್ನ ಬೋಟಿನಲ್ಲಿ ಒಂದು ಸೀಸನ್ ಪೂರ್ತಿ ಪಕ್ಕದಲ್ಲಿ ನಿಂತವನಿಗೆ ಮಾತ್ರ ಚುಕ್ಕಾಣಿ ಸಿಗ್ತಿತ್ತು," ಎಂದರು ಅವರು. "ಮೂರೂವರೆ ಗಂಟೆಯಲ್ಲಿ ಹಗ್ಗ ಸುತ್ತಲಿಕ್ಕೆ ಸಹ ಬರುದಿಲ್ಲ. ನಾನು ಪಕ್ಕದಲ್ಲಿ ಕೂರ್ತೇನೆ. ಸಂಜೆ ಸಂಜೆ ಓಮ್ನಿಯಲ್ಲಿ ಹೋಗುವಾ."

"ಅಪ್ಪ, ನೀವು ಓಡಿಸಲಿಕ್ಕೆ ಇಲ್ಲ."

"ಓಡಿಸುದು ಅವಳು. ನಾನು ಕೂರುದು ಅಂತ ಹೇಳಿದ್ದು. ನಿನಗೆ ಕಿವಿ ಎಲ್ಲುಂಟು?"

ಲತೀಶ್ ಕೀಲಿಕೈ ಕೊಟ್ಟ. ಬೋಟಿನ ಬಲೆ ರಿಪೇರಿಯ ಗಡಿಬಿಡಿಯಲ್ಲಿದ್ದ ಅವನಿಗೆ ಸಂಜೆಯ ಹೊತ್ತು ಹೆಂಡತಿಯ ಪಕ್ಕದಲ್ಲಿ ಕುಳಿತುಕೊಳ್ಳಲು ಪುರುಸೊತ್ತೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ.

ಸಂಜೆ ಓಮ್ನಿಯ ಮುಂದೂ ಹಿಂದೂ ಕೆಂಪು ಎಲ್ ಅಕ್ಷರ ಅಂಟಿಸಿಕೊಂಡು ಇಬ್ಬರೂ ಹೊರಟರು. ಬೋಳಾರದಿಂದ ಹೊಯ್ಗೆ ಬಜಾರಿನ ಮೇಲಿಂದ ಬಂದರಿನವರೆಗೆ ದಾರಿ. ಹೊಳೆ ಎಡಗಡೆಗೆ. ಚೆನ್ನಪ್ಪ ಒಳ್ಳೆಯ ಶಿಕ್ಷಕರು. ಕೂಗಾಡುವವರಲ್ಲ, ಸ್ಟೀರಿಂಗಿಗೆ ಕೈ ಹಾಕುವವರಲ್ಲ. ಆದರೆ ಜೀವಮಾನದಲ್ಲಿ ಅವರು ಯಾರಿಗೂ ಎಡಬಲ ಎಂದು ಹೇಳಿದ್ದಿಲ್ಲ. ಕಡಲಲ್ಲಿದ್ದದ್ದು ನಾಲ್ಕು ದಿಕ್ಕು, ಟೆಂಪೋದಲ್ಲೂ ಅದೇ ನಾಲ್ಕು. ತುಳುವಿನಲ್ಲಿ ಪಡ್ಡಾಯಿ ಎಂದರೆ ಪಡುವಣ, ಮೂಡಾಯಿ ಎಂದರೆ ಮೂಡಣ.

"ಪಡ್ಡಾಯಿಗೆ ತೆಗೆ ಮಗಾ, ರಿಕ್ಷಾ ಬರ್ತಾ ಉಂಟು. ಹಾಂ. ಈಗ ಮೂಡಾಯಿಗೆ ತಿರುಗಿಸು."

ಶರ್ಮಿಳಾಳಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಹೊಳೆಯ ಬದಿ ಪಡ್ಡಾಯಿ, ಗುಡ್ಡದ ಬದಿ ಮೂಡಾಯಿ. ಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆ ಎಂದು ಹೇಳುವುದೂ ಹೀಗೆಯೇ. ಬಂದರು ಮುಟ್ಟಿದಾಗ ಅವಳ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಮಾವ ಕೆಳಗಿಳಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಅವಳ ಬಾಗಿಲ ಬಳಿ ನಿಂತರು.

"ಇನ್ನು ನಾನು. ಹೋಗುವಾಗ ನೀನು, ಬರುವಾಗ ನಾನು. ಲತೀಶನಿಗೆ ಹೇಳ್ಬೇಡ."

ಅವರ ಮುಖದಲ್ಲಿ ಅಂಥ ಆಸೆ ಇತ್ತು. ಅವಳು ಪಕ್ಕದ ಸೀಟಿಗೆ ಸರಿದಳು. ಅಂದಿನಿಂದ ಅದು ಮಾವ-ಸೊಸೆಯ ಒಳಒಪ್ಪಂದವಾಯಿತು. ಸಂಜೆ ಮನೆಯಿಂದ ಹೊರಡುವ ಮೊದಲು ಚೆನ್ನಪ್ಪ ಶರ್ಟಿಗೆ ಇಸ್ತ್ರಿ ಹಾಕಿಕೊಳ್ಳುವುದನ್ನು ಕಂಡು ಹರಿಣಾಕ್ಷಿ ಕೇಳಿದಳು: "ಎಂತ, ಸೊಸೆಗೆ ಡ್ರೈವಿಂಗ್ ಕಲಿಸಲಿಕ್ಕೆ ಹೊರಟದ್ದಾ, ಹೆಣ್ಣು ನೋಡಲಿಕ್ಕಾ?"

ಜುಲೈ ಮೂರನೆಯ ವಾರದ ಹೊತ್ತಿಗೆ ಶರ್ಮಿಳಾಳ ಕೈ ಪಳಗಿತ್ತು. ಪಡ್ಡಾಯಿ ಎಂಬ ಮಾತು ಕಿವಿಗೆ ಬೀಳುವಷ್ಟರಲ್ಲಿ ಸ್ಟೀರಿಂಗ್ ಎಡಕ್ಕೆ ಹೊರಳಿರುತ್ತಿತ್ತು. ಟೆಸ್ಟಿನ ದಿನವೂ ಗೊತ್ತಾಗಿತ್ತು. ನಡುವೆ ಇದ್ದದ್ದು ಒಂದೇ ವಾರ. ಆ ಸಂಜೆ ಬಂದರಿನಲ್ಲಿ ಇಳಿಯುವಾಗ ಚೆನ್ನಪ್ಪನವರಿಗೆ ಸೊಂಟ ಹಿಡಿದುಕೊಂಡಿತು.

"ಇವತ್ತು ಬರುವಾಗಲೂ ನೀನೇ ಮಗಾ. ನನ್ನಿಂದ ಕ್ಲಚ್ಚು ಒತ್ತಲಿಕ್ಕೆ ಆಗ್ಲಿಕ್ಕಿಲ್ಲ."

ಅವಳು ಖುಷಿಯಿಂದಲೇ ಗಾಡಿ ತಿರುಗಿಸಿದಳು. ಹೊಯ್ಗೆ ಬಜಾರಿನ ಇಕ್ಕಟ್ಟಿನಲ್ಲಿ ಎದುರಿನಿಂದ ಗೋದಾಮಿನ ಲಾರಿ ಬಂತು.

"ಮೂಡಾಯಿ," ಎಂದರು ಮಾವ. ಈಗ ಗಾಡಿಯ ಮುಖ ತೆಂಕಣಕ್ಕೆ. ಹೊಳೆ ಬಲಗಡೆ, ಗುಡ್ಡ ಎಡಗಡೆ. ಲಾರಿಗೆ ದಾರಿ ಕೊಡಬೇಕಾದರೆ ಎಡಕ್ಕೇ ಸರಿಯಬೇಕು, ಅದು ಮೂಡಾಯಿಯೇ. ಅವರು ಹೇಳಿದ್ದು ಸರಿಯಾಗಿತ್ತು. "ಮೂಡಾಯಿ ಮಗಾ, ಮೂಡಾಯಿಗೆ ತೆಗೆ."

ಐದು ವಾರ ಮೂಡಾಯಿ ಎಂದಾಗಲೆಲ್ಲ ಬಲಕ್ಕೆ ಹೊರಳಿದ ಕೈ ಈಗಲೂ ಬಲಕ್ಕೇ ಹೊರಳಿತು. ಓಮ್ನಿ ಲಾರಿಯ ಮೂತಿಯ ಮುಂದೆ ಅಡ್ಡ ಹಾದು, ಹೊಳೆಬದಿಯಲ್ಲಿ ಪೇರಿಸಿಟ್ಟಿದ್ದ ಖಾಲಿ ಮೀನಿನ ಕ್ರೇಟುಗಳಿಗೆ ಗುದ್ದಿ ನಿಂತಿತು. ಲಾರಿ ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಿತ್ತು. ಡ್ರೈವರ್ ತಲೆ ಹೊರಗೆ ಹಾಕಿ, ಬೈಯುವುದಕ್ಕೂ ಮನಸ್ಸಾಗದವನಂತೆ ಕೇಳಿದ: "ಎಲ್ಲಿಗೆ ಅಕ್ಕ, ಹೊಳೆಗಾ?"

ಒಡೆದದ್ದು ಒಂದು ಕನ್ನಡಿ, ನಾಲ್ಕು ಕ್ರೇಟು. ಇಬ್ಬರಿಗೂ ಏನೂ ಆಗಿರಲಿಲ್ಲ.

ಮನೆಯಲ್ಲಿ ಗಂಜಿ, ಹುರಿದ ಒಣಮೀನು, ತಿಮರೆ ಚಟ್ನಿ. ಯಾರ ಬಟ್ಟಲಿನಲ್ಲೂ ಕೈ ಓಡಲಿಲ್ಲ. ಒಡೆದ ಕನ್ನಡಿಯನ್ನು ನೋಡಿ ಬಂದಿದ್ದ ಲತೀಶ್ ನಿಂತುಕೊಂಡೇ ಮಾತಾಡಿದ.

"ನಾನು ಮೊದಲೇ ಹೇಳಿದ್ದೆ. ಸ್ಕೂಲಿನವರು ಕಲಿಸಿದ್ದು ಸಾಕಿತ್ತು. ಅಪ್ಪ ಕೂತು ಕೆಡಿಸಿದ್ದು."

"ಕೆಡಿಸಿದ್ದಾ?" ಎಂದರು ಚೆನ್ನಪ್ಪ. "ನಾನು ಹೇಳಿದ ದಿಕ್ಕು ತಪ್ಪಾಗಿದ್ರೆ ತೋರಿಸು."

"ದಿಕ್ಕು ಹೇಳ್ಲಿಕ್ಕೆ ಇದೆಂತ ಬೋಟಾ?"

"ಒಂದು ನಿಮಿಷ," ಎಂದಳು ಹರ್ಷಿತಾ. "ಅಮ್ಮ, ಇಷ್ಟು ದಿನ ಬರುವಾಗ ಏನೂ ಆಗಿಲ್ಲ, ಇವತ್ತೇ ಯಾಕೆ?"

ಶರ್ಮಿಳಾ ಮಾವನ ಮುಖ ನೋಡಿದಳು. ಮಾವ ಗಂಜಿಯ ಮುಖ ನೋಡಿದರು.

"ಇಷ್ಟು ದಿನ ಬರುವಾಗ ಓಡಿಸಿದ್ದು ನಾನು," ಎಂದರು ಕೊನೆಗೆ.

ಹರಿಣಾಕ್ಷಿಗೆ ಇಸ್ತ್ರಿಯ ಶರ್ಟಿನ ಗುಟ್ಟು ಈಗ ತಿಳಿಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಸಿಟ್ಟೋ ಹೇಳುವಂತಿರಲಿಲ್ಲ. ಲತೀಶ್ ಮಾತ್ರ ನಗಲಿಲ್ಲ.

"ಆಯ್ತು. ಇನ್ನು ಈ ಪ್ರಾಕ್ಟೀಸು ಗೀಕ್ಟೀಸು ಬೇಡ. ಮುಂದಿನ ವಾರ ಟೆಸ್ಟು. ಆ ಟ್ರ್ಯಾಕಿನಲ್ಲಿ ಇವಳು ಕಣ್ಣು ಮುಚ್ಚಿ ಪಾಸಾಗ್ತಾಳೆ."

"ಪಾಸಾಗ್ತೇನೆ," ಎಂದಳು ಶರ್ಮಿಳಾ. "ನನಗೆ ಹೆದರಿಕೆ ಅದೇ."

ಅವನು ತಿರುಗಿ ನೋಡಿದ.

"ಪಾಸಾದ ಮರುದಿನ ಪಕ್ಕದ ಸೀಟು ಖಾಲಿ. ನನಗೆ ಗೊತ್ತಿರುದು ಈ ಮನೆಯಿಂದ ಬಂದರಿಗೆ ಹೋಗ್ಲಿಕ್ಕೆ ಮಾತ್ರ. ಬೆಂದೂರಿಗೆ ಮೀನು ಮುಟ್ಟಿಸಿ ನಾನು ಅಲ್ಲೇ ಇರುದಾ? ನಾನು ಈ ಟೆಸ್ಟಿಗೆ ಹೋಗುದಿಲ್ಲ. ಬೇರೆ ದಿನ ತೆಗೊಳ್ತೇನೆ."

"ಬೇರೆ ದಿನ ಸಿಗುದು ಆಗಸ್ಟ್ ಕೊನೆಗೆ. ಅಲ್ಲಿವರೆಗೆ ಒಲಿಂಡಾ ಬಾಯಿ ಕಾಯ್ತಾರಾ?"

"ಕಾಯುದು ಬೇಡ. ಹೇಳಿದ ದಿನವೇ ಮೀನು ಮುಟ್ತದೆ. ಎಲ್ ಬೋರ್ಡು ಹಾಕಿಕೊಂಡೇ ಮುಟ್ತದೆ. ಮಾವ ಪಕ್ಕದಲ್ಲಿರ್ತಾರೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ."

"ಎಲ್ ಬೋರ್ಡು ಹಾಕಿ ವ್ಯಾಪಾರಕ್ಕೆ ಹೋಗುದಾ? ದಕ್ಕೆಯಲ್ಲಿ ಎಲ್ಲರೂ ನಗ್ತಾರೆ."

"ನಾನು ಬುಟ್ಟಿ ಹೊತ್ತು ಬಸ್ಸು ಹತ್ತಿದಾಗ ನಗ್ಲಿಲ್ವಾ?" ಎಂದಳು ಹರಿಣಾಕ್ಷಿ. "ನಕ್ಕವರಿಗೆಲ್ಲ ನಾನು ಸ್ವಲ್ಪ ಕಮ್ಮಿ ತೂಕ ಕೊಟ್ಟಿದ್ದೇನೆ. ಈಗ ಕೂತು ಉಣ್ಣು."

ಲತೀಶ್ ಉಣ್ಣದೆ ಹೋದ. ಶರ್ಮಿಳಾ ಅವನ ಬಟ್ಟಲಿಗೆ ಮುಚ್ಚಳ ಹಾಕಿ ಮಾವನ ಕಡೆ ತಿರುಗಿದಳು.

"ಎರಡು ಶರ್ತ ಮಾವ. ಗಾಡಿಯಲ್ಲಿ ಎಡ, ಬಲ. ಬೇರೆ ಭಾಷೆ ಇಲ್ಲ. ಮತ್ತೆ, ಬರುವಾಗಲೂ ನಾನೇ."

ಮೊದಲನೆಯದಕ್ಕೆ ಚೆನ್ನಪ್ಪ ತಲೆಯಾಡಿಸಿದ್ದರು. ಎರಡನೆಯದಕ್ಕೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಮತ್ತೆ ನಾನೆಂತ ಮಾಡುದು?"

"ನೋಡುದು."

ಲೆಕ್ಕ ಸರಿಪಡಿಸುವುದಕ್ಕೆ ಹೊರಟ ಮೇಲೆ ಅವಳು ಸ್ಕೂಲಿನ ಲೆಕ್ಕವನ್ನೂ ಬಿಡಲಿಲ್ಲ. ಇರ್ವಿನ್ ಅವರಿಗೆ ಫೋನ್ ಮಾಡಿ, ಬೇರೆ ಕಲಿಯುವವರಿಲ್ಲದ ಹೊತ್ತಿನಲ್ಲಿ ಬಾವುಟಗುಡ್ಡೆಯ ಏರಿಗೆ ಕಾರು ತರಿಸಿಕೊಂಡಳು. ಬೆಂದೂರಿಗೆ ಹೋಗಬೇಕಾದರೆ ಏರು ತಪ್ಪಿದ್ದಲ್ಲ.

"ಸರ್, ಇವತ್ತು ನಿಮ್ಮ ಕಾಲು ಮೇಲಿಡಿ."

"ಎಲ್ಲಿಗೆ?"

"ಸೀಟಿನ ಮೇಲೆ. ಚಕ್ಕಳಮಕ್ಕಳ ಹಾಕಿ."

ಇರ್ವಿನ್ ನಕ್ಕರು. ಅವಳು ನಗದಿರುವುದನ್ನು ಕಂಡು ಚಪ್ಪಲಿ ಕಳಚಿ, ಮನೆಯ ಮಂಚದ ಮೇಲೆ ಕೂತವರಂತೆ ಕಾಲು ಮಡಚಿ ಕುಳಿತರು. "ನಿಮಗೆ ಧೈರ್ಯ ಉಂಟು. ನನಗೆ ಇಲ್ಲ," ಎಂದು ಬಾಗಿಲ ಮೇಲಿನ ಹಿಡಿಕೆ ಹಿಡಿದುಕೊಂಡರು.

ಕಾರು ಏರಿನ ನಡುವೆ ಬಂದ್ ಬಿತ್ತು. ಚಾಲೂ ಮಾಡಿದಳು, ಹಿಂದೆ ಜಾರಿತು, ಹ್ಯಾಂಡ್‌ಬ್ರೇಕ್ ಎಳೆದಳು. ಮತ್ತೆ ಬಂದ್ ಬಿತ್ತು. ಹಿಂದಿನ ಸಿಟಿ ಬಸ್ಸಿನವನು ಹಾರ್ನಿನ ಮೇಲೆಯೇ ಕುಳಿತುಬಿಟ್ಟ.

"ನನ್ನ ಕಾಲು ಒಳ್ಳೇದುಂಟು ಅಂದಿದ್ರಿ," ಎಂದಳು ಶರ್ಮಿಳಾ ಕನ್ನಡಿಯಿಂದ ಕಣ್ಣು ತೆಗೆಯದೆ.

ಇರ್ವಿನ್ ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿ ಹೇಳಿದರು: "ಅದು ನನ್ನ ಕಾಲು."

ಹಾಗಾದರೆ ಮೂರೂವರೆ ಗಂಟೆಯೂ ಪೂರ್ತಿ ತನ್ನದಾಗಿರಲಿಲ್ಲ. ಅವಳಿಗೆ ಬೇಸರವಾಗಲಿಲ್ಲ, ಏಲಂನಲ್ಲಿ ಕ್ರೇಟಿನ ಮೇಲ್ಪದರ ಸರಿಸಿ ಅಡಿಯ ಮೀನು ನೋಡಿದಾಗಿನ ಸಮಾಧಾನವೇ ಆಯಿತು. ಎಷ್ಟಿದೆ ಎಂದು ತಿಳಿದರೆ ಎಷ್ಟು ಬೇಕೆಂದೂ ತಿಳಿಯುತ್ತದೆ. ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟು, ಇಂಜಿನ್ನಿನ ದನಿ ತಗ್ಗಿ ಗಾಡಿ ಮೂಗೆತ್ತುವ ತನಕ ಕಾದು, ಆಮೇಲೆ ಬ್ರೇಕು ಬಿಡುವುದನ್ನು ಅವಳು ಅದೇ ಏರಿನಲ್ಲಿ ಮತ್ತೆ ಮತ್ತೆ ಮಾಡಿದಳು. ಕೊನೆಯ ಸಲ ಇರ್ವಿನ್ ಹಿಡಿಕೆಯನ್ನು ಬಿಟ್ಟಿದ್ದರು.

ಆಗಸ್ಟ್ ಒಂದಕ್ಕೆ ಲತೀಶ್ ಬೋಟು ಹತ್ತಿದ. ಹೊರಡುವಾಗ ಹೆಂಡತಿಯೊಡನೆ ಹೆಚ್ಚು ಮಾತಾಡಲಿಲ್ಲ. ಓಮ್ನಿಗೆ ಹೊಸ ಕನ್ನಡಿಯೊಂದನ್ನು ಮಾತ್ರ ಕೂರಿಸಿ ಹೋಗಿದ್ದ. ಎರಡು ದಿನದಲ್ಲಿ ಸಣ್ಣ ಬೋಟುಗಳು ಮೀನು ತಂದವು. ಬಂಗುಡೆಯ ಡಬ್ಬಗಳನ್ನು ಹಿಂದೆ ತುಂಬಿ, ಇಸ್ತ್ರಿಯ ಶರ್ಟಿನ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶರ್ಮಿಳಾ ಬೆಂದೂರಿಗೆ ಹೋದಳು. ಗೇಟಿನ ಬಳಿ ನಿಂತಿದ್ದ ಒಲಿಂಡಾ ಬಾಯಿ ಮೊದಲು ಗಡಿಯಾರ ನೋಡಿದರು, ಆಮೇಲೆ ಕೆಂಪು ಅಕ್ಷರ ನೋಡಿದರು.

"ಎಂತ ಶರ್ಮಿಳಾ, ಮೀನಿಗೂ ಲರ್ನರ್ಸಾ?"

"ಮೀನು ಪಾಸಾಗಿದೆ ಬಾಯಿ. ನನ್ನದು ಬಾಕಿ."

"ನಿನ್ನದು ಯಾವಾಗ ಬೇಕಾದ್ರೂ ಆಗ್ಲಿ. ಏಳು ಗಂಟೆ ತಪ್ಪಬಾರದು."

ತಪ್ಪಲಿಲ್ಲ. ಚೆನ್ನಪ್ಪನವರಿಗೆ ಮಾತ್ರ ಶರ್ತ ಕಷ್ಟವಾಯಿತು. ಎಡ ಎನ್ನುವ ಮೊದಲು ಅವರು ಒಮ್ಮೆ ಹೊಳೆಯಿರುವ ದಿಕ್ಕನ್ನು ನೆನೆದು, ತಮ್ಮ ಕೈಯನ್ನು ನೋಡಿಕೊಂಡು, "ಪಡ್... ಅಲ್ಲ, ಎಡ," ಎನ್ನುವಷ್ಟರಲ್ಲಿ ತಿರುವು ಕಳೆದಿರುತ್ತಿತ್ತು. ಹೀಗೆ ಅವರ ಮಾತು ದಿನದಿಂದ ದಿನಕ್ಕೆ ತಡವಾಯಿತು, ಶರ್ಮಿಳಾಳ ಕಣ್ಣು ದಿನದಿಂದ ದಿನಕ್ಕೆ ಮುಂದೆ ಹೋಯಿತು. ಒಂದು ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಜಡಿಮಳೆಗೆ ಗಾಜಿನಾಚೆ ಏನೂ ಕಾಣದ ಹೊತ್ತಿನಲ್ಲಿ ರಿಕ್ಷಾವೊಂದು ಅಡ್ಡ ನುಗ್ಗಿತು. ಚೆನ್ನಪ್ಪ ಬಾಯಿ ತೆರೆದರು. ಓಮ್ನಿ ಆಗಲೇ ನಿಂತಿತ್ತು. ಅವರು ಬಾಯಿ ಮುಚ್ಚಿಕೊಂಡು, ಮಡಿಲಲ್ಲಿದ್ದ ಕೊಡೆಯನ್ನು ಸರಿಪಡಿಸಿಕೊಂಡರು.

ಮನೆಗೆ ಬಂದು ಹೆಂಡತಿಗೆ ಹೇಳಿದರು: "ಇವತ್ತು ನಾನು ಹೋದದ್ದು ದಂಡ."

"ಹಾಗಾದ್ರೆ ನಾಳೆಯಿಂದ ಹಾಲು ತರ್ಲಿಕ್ಕೆ ನೀವೇ ಹೋಗಿ," ಎಂದಳು ಹರಿಣಾಕ್ಷಿ.

"ನಾಳೆಯೂ ಹೋಗ್ತೇನೆ. ಟೆಸ್ಟು ಆಗ್ಲಿ."

ಲತೀಶನ ಬೋಟು ಬಂದ ದಿನ ಮಾವ-ಸೊಸೆ ಓಮ್ನಿಯೊಂದಿಗೆ ದಕ್ಕೆಯಲ್ಲಿ ಕಾದಿದ್ದರು. ಅವನು ಬಟ್ಟೆಯ ಚೀಲ ಹಿಡಿದು ಅಭ್ಯಾಸಬಲದಿಂದ ಡ್ರೈವರನ ಬಾಗಿಲು ತೆರೆದ. ಒಳಗೆ ಹೆಂಡತಿ ಕುಳಿತಿದ್ದಳು.

"ಆ ಕಡೆ," ಎಂದಳು. ಚೆನ್ನಪ್ಪ ಮೊದಲೇ ಹಿಂದಿನ ಸೀಟಿಗೆ ಹೋಗಿದ್ದರು.

ಹೊಯ್ಗೆ ಬಜಾರಿನ ಅದೇ ಇಕ್ಕಟ್ಟಿನಲ್ಲಿ ಐಸಿನ ಲಾರಿ ಎದುರಾಯಿತು. ಲತೀಶನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಶರ್ಮಿಳಾ ಎಡಕ್ಕೆ ಸರಿದು, ನಿಂತು, ಲಾರಿಗೆ ದಾರಿ ಕೊಟ್ಟು ಮುಂದುವರಿದಳು.

"ಅಲ್ಲಿ ಬ್ರೇಕಿಲ್ಲ. ಇಲ್ಲುಂಟು," ಎಂದಳು.

"ಗೊತ್ತುಂಟು," ಎಂದ ಲತೀಶ್. ಸ್ವಲ್ಪ ದೂರ ಹೋದ ಮೇಲೆ ಕಾಲು ಹಿಂದಕ್ಕೆ ಎಳೆದುಕೊಂಡ. "ಕನ್ನಡಿ ಸರಿ ಕಾಣ್ತದಾ?"

"ಸರಿ ಕಾಣ್ತದೆ."

ಆಗಸ್ಟ್ ಕೊನೆಗೆ ಟೆಸ್ಟು ನಡೆಯಿತು. ಪಕ್ಕದಲ್ಲಿ ಕುಳಿತ ಅಧಿಕಾರಿ ಮುಂದೆ ಹೋಗಿ ಎಂದರು, ಹಿಂದೆ ಬನ್ನಿ ಎಂದರು, ಏರಿನಲ್ಲಿ ನಿಲ್ಲಿಸಿ ಹೊರಡಿಸಿ ಎಂದರು, ಕೊನೆಗೆ, "ಎಷ್ಟು ದಿನದಿಂದ ಓಡಿಸ್ತಾ ಇದ್ದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದರು. ಮರುದಿನ ಅವಳು ಕೆಂಪು ಅಕ್ಷರಗಳನ್ನು ಕೆರೆದು ತೆಗೆದು ಬೆಂದೂರಿಗೆ ಒಬ್ಬಳೇ ಹೋಗಿಬಂದಳು. ಬಂದವಳು ಕೀಲಿಕೈಯನ್ನು ಗೋಡೆಯ ಮೊಳೆಗೆ ಹಾಕದೆ ಮಾವನ ಮುಂದಿಟ್ಟಳು.

"ಭಾನುವಾರ ಉಳ್ಳಾಲಕ್ಕೆ ಹೋಗುವಾ ಮಾವ. ಹೋಗುವಾಗ ನಾನು, ಬರುವಾಗ ನೀವು."

ಚೆನ್ನಪ್ಪ ಮಗನ ಮುಖ ನೋಡಿದರು. ಲತೀಶ್ ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿ ಮಗ್ನನಾಗಿದ್ದ, ಬೇಡ ಎನ್ನಲಿಲ್ಲ.

ಮೀನಿನ ಪುಳಿಮುಂಚಿ ಸಾರಿನ ಪಾತ್ರೆ ಎರಡನೆಯ ಸುತ್ತು ಬಂದಾಗ ಹರ್ಷಿತಾ ಬಾಕಿಯಿದ್ದ ಲೆಕ್ಕವನ್ನು ಎತ್ತಿದಳು. "ಪಪ್ಪ ಸ್ಕೂಲಿನ ಮೂರೂವರೆ ಗಂಟೆ ಸಾಕು ಅಂದ್ರು. ಅಜ್ಜ ಒಂದು ಸೀಸನ್ ಬೇಕು ಅಂದ್ರು. ಕೊನೆಗೆ ಯಾರದ್ದು ಸರಿ ಅಮ್ಮ? ಲೈಸೆನ್ಸಿಗೆ ಮುಂಚೆ ಎಷ್ಟು ಬೇಕು?"

ಶರ್ಮಿಳಾ ಸೌಟು ಕೆಳಗಿಟ್ಟಳು.

"ಸ್ಕೂಲಿನದ್ದು ಸಾಲುದಿಲ್ಲ, ಇನ್ನೂ ಬೇಕು. ಪಕ್ಕದವರು ಕಾಲು ಮೇಲಿಟ್ಟು ಕೂತ ಗಂಟೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿ. ಅದರಲ್ಲಿ ಹೋದಷ್ಟೇ ದಾರಿ ಬಂದದ್ದೂ ಇರಬೇಕು."